ಒಬ್ಬರ ಅಡಿಗೆ: ಕೆಲವು ತಪ್ಪು ಕಲ್ಪನೆಗಳು

ಒಬ್ಬರಿಗಾಗಿ ಒಲೆ ಹಚ್ಚುವುದು ದುಬಾರಿ, ಅದಕ್ಕಿಂತ ಹೋಟೆಲಿನ ಊಟವೇ ಅಗ್ಗ ಎಂಬ ಮಾತನ್ನು ಉದ್ಯೋಗನಿಮಿತ್ತ ಊರು ಬಿಟ್ಟು ನಗರದಲ್ಲಿ ಬಾಡಿಗೆಯ ಕೋಣೆ ಹಿಡಿದಿರುವ ತರುಣ ತರುಣಿಯರಿಂದ ಮೇಲಿಂದ ಮೇಲೆ ಕೇಳುತ್ತೇವೆ. ಅವರು ಆಧಾರವಾಗಿ ಮುಂದಿಡುವ ಲೆಕ್ಕದಲ್ಲಿ ಸ್ವಲ್ಪ ಸತ್ಯಾಂಶವೂ ಇಲ್ಲದಿಲ್ಲ. ಸಂತೆಯ ಉತ್ಸಾಹದಲ್ಲಿ ತಂದ ಎರಡು ಕಟ್ಟು ಸೊಪ್ಪು ಮೂರನೆಯ ದಿನಕ್ಕೆ ಹಳದಿಗೂಡಿ ಕಸದ ಬುಟ್ಟಿ ಸೇರಿದಾಗ, ಒಡೆದ ತೆಂಗಿನಕಾಯಿಯ ಇನ್ನೊಂದು ಹೋಳು ಬೂಷ್ಟು ಹಿಡಿದಾಗ, ಆ ತಿಂಗಳ ಅಡಿಗೆಯ ವೆಚ್ಚ ಏರಿದಂತೆ ತೋರುವುದು ಸಹಜವೇ. ಆದರೆ ಹಾಗೆ ಏರಿದುದೆಲ್ಲ ಬಿಸಾಡಿದ ಪದಾರ್ಥದ ಬೆಲೆ. ಐದಾರು ಮಂದಿಯ ಸಂಸಾರಕ್ಕೆ ಒಗ್ಗಿದ ಕೊಳ್ಳುವ ಕ್ರಮವನ್ನು ಒಬ್ಬರೇ ಇರುವವರು ಹಾಗೆಯೇ ಅನುಸರಿಸಿದುದರ ಫಲ. ಕುಂಬಳ, ಸುವರ್ಣಗೆಡ್ಡೆ, ಬೀಟ್‌ರೂಟುಗಳು ಬಹುದಿನ ಕೆಡದೆ ಇರುತ್ತವೆ; ಮಂಗಳೂರು ಸೌತೆಯನ್ನಂತೂ ಕರಾವಳಿಯ ಮನೆಗಳಲ್ಲಿ ಕಟ್ಟಿ ತೂಗುಹಾಕಿ ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಾರೆ. ಇಂಥವನ್ನು ಮನೆಯಲ್ಲಿಟ್ಟುಕೊಂಡು, ಸೊಪ್ಪನ್ನು ಬೇಯಿಸುವ ದಿನವೇ ಕೊಂಡು, ಮಿಕ್ಕ ತರಕಾರಿಯನ್ನು ಕಾಲು ಕಿಲೋದ ಮೇಲೆ ಕೊಳ್ಳದಿದ್ದರೆ ನಷ್ಟದ ಬಹುಭಾಗ ತಪ್ಪುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಬೆಂಗಳೂರಿನಲ್ಲಿ ಹುಟ್ಟಿ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯ ಮಳಿಗೆಗಳಲ್ಲಿ ಎರಡು ಕ್ಯಾರೆಟ್ಟನ್ನೂ ಒಂದು ಹಿಡಿ ಹುರುಳಿಕಾಯಿಯನ್ನೂ ತೂಗಿಸಿಕೊಳ್ಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ತೆಂಗಿನಕಾಯಿಯನ್ನು ಒಡೆದ ದಿನವೇ ತುರಿದು ಫ್ರೀಜರಿನಲ್ಲಿಟ್ಟರೆ ಅದೂ ಹಾಳಾಗದು.

ಎರಡನೆಯ ಕಲ್ಪನೆ ಇದಕ್ಕಿಂತ ಆಳವಾಗಿ ಬೇರೂರಿದೆ. ವೈವಿಧ್ಯ ಬೇಕಾದರೆ ಹಲವು ಬಗೆ ಬೇಯಿಸಬೇಕು, ಅಷ್ಟು ಶ್ರಮ ಒಬ್ಬರಿಂದಾಗದು, ಆದುದರಿಂದ ದಿನವೂ ಒಂದೇ ತಿಳಿಸಾರು ಇಲ್ಲವೆ ಚಿತ್ರಾನ್ನವೇ ಗತಿ ಎಂದು ಬಹುಮಂದಿ ನಂಬಿದ್ದಾರೆ. ಹಳೆಯ ಮೈಸೂರು ಸೀಮೆಯ ರೈತಾಪಿ ಮನೆಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಬಿಡಿಸಿಟ್ಟಿವೆ. ಆ ಉತ್ತರವೇ ಬಸ್ಸಾರು. ಒಂದು ಹಿಡಿ ಹೆಸರುಕಾಳನ್ನು ಮುಕ್ಕಾಲು ಭಾಗ ಬೇಯಿಸಿ, ಹೆಚ್ಚಿದ ಅರ್ಧ ಕಟ್ಟು ದಂಟಿನ ಸೊಪ್ಪನ್ನೂ ಉಪ್ಪನ್ನೂ ಅದಕ್ಕೆ ಹಾಕಿ, ಕಾಳು ಕರಗದೆ ಸೊಪ್ಪು ಮೆತ್ತಗಾದ ಹದದಲ್ಲಿ ನೀರನ್ನು ಬಸಿದುಕೊಂಡರೆ ಕೈಗೆ ಬರುವ ಆ ಹಸಿರುಗಪ್ಪಿನ ಕಟ್ಟೇ ಸಾರಿಗೆ ಮೂಲದ್ರವ್ಯ. ಸುಟ್ಟ ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಚೂರು ಕೊಬ್ಬರಿ, ಹುಣಿಸೆಹಣ್ಣು, ಇವುಗಳೊಡನೆ ಬೆಂದ ಕಾಳುಸೊಪ್ಪಿನದೇ ಒಂದು ಸೌಟನ್ನು ಸೇರಿಸಿ ನುಣ್ಣಗೆ ರುಬ್ಬಿ ಆ ಕಟ್ಟಿನಲ್ಲಿ ಕುದಿಸಿದರೆ ಬಸ್ಸಾರು ಸಿದ್ಧ. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಒಂದೇ ಬೇಯಿಕೆಯಲ್ಲಿ ಮುದ್ದೆಗೊಂದು, ಅನ್ನಕ್ಕೊಂದು ದೊರೆತಂತಾಯಿತು; ಪಲ್ಯ ಮಿಕ್ಕರೆ ಮರುದಿನ ಬೆಳಗ್ಗೆ ಅಕ್ಕಿಹಿಟ್ಟಿನಲ್ಲಿ ಕಲಸಿ ರೊಟ್ಟಿ ತಟ್ಟಬಹುದು. ಕಾಳು ಹುರುಳಿಯಾದರೆ ರುಚಿ ಒಂದು, ಅಲಸಂದೆಯಾದರೆ ಇನ್ನೊಂದು, ಅವರೆಯ ಕಾಲದಲ್ಲಿ ಬೇರೆಯೇ ಒಂದು. ಬೇಯಿಸಿಟ್ಟ ತೊಗರಿಬೇಳೆಗೂ ಇದೇ ನ್ಯಾಯ: ಒಂದು ಹೊತ್ತು ತೊವ್ವೆ, ಮರುದಿನ ಸೌತೆಕಾಯಿಯ ಹುಳಿ. ವೈವಿಧ್ಯವಿರುವುದು ಒಗ್ಗರಣೆಯಲ್ಲಿ, ಹುಳಿಯಲ್ಲಿ, ಪುಡಿಯಲ್ಲಿ. ಬೇಯಿಸುವ ಶ್ರಮ ಒಂದೇ.

ಬಸ್ಸಾರಿನ ಹಿಂದೆ ಅಡಗಿರುವ ವಿವೇಕ ರುಚಿಗಷ್ಟೇ ಸೇರಿದುದಲ್ಲ. ಸೊಪ್ಪಿನಲ್ಲೂ ಕಾಳಿನಲ್ಲೂ ಇರುವ ಬಿ ಗುಂಪಿನ ಜೀವಸತ್ತ್ವಗಳೂ ಸಿ ಜೀವಸತ್ತ್ವವೂ ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಚೆಲ್ಲಿದರೆ ಅವುಗಳಲ್ಲಿ ಒಂದು ಪಾಲು ಚೆಲ್ಲಿಹೋಗುತ್ತದೆ, ಸಾರಾಗಿಸಿ ಉಂಡರೆ ಉಳಿದಷ್ಟು ದೇಹಕ್ಕೆ ದಕ್ಕುತ್ತದೆ. ಅಕ್ಕಿಯನ್ನು ನೀರು ತಿಳಿಯಾಗುವ ತನಕ ಉಜ್ಜಿ ಉಜ್ಜಿ ತೊಳೆಯುವುದೂ ಬೇಳೆ ಬೇಗ ಬೇಯಲೆಂದು ಅಡಿಗೆಸೋಡ ಹಾಕುವುದೂ ಇದೇ ಕಾರಣಕ್ಕೆ ಸಲ್ಲದು; ಸೋಡದ ಕ್ಷಾರಗುಣ ಥಯಾಮಿನ್ ಎಂಬ ಜೀವಸತ್ತ್ವವನ್ನು ಕೆಡಿಸುತ್ತದೆ. ಕುಕ್ಕರಿನಲ್ಲಿ ಬೇಯಿಸಿದರೆ ಸತ್ತ್ವವೆಲ್ಲ ನಾಶವಾಗುತ್ತದೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಉಷ್ಣತೆ ಹೆಚ್ಚಾದರೂ ಬೇಯುವ ಕಾಲ ಕಡಮೆ, ಬೇಕಾಗುವ ನೀರೂ ಕಡಮೆ.

ಪೌಷ್ಟಿಕವಾದುದೆಲ್ಲ ತುಟ್ಟಿಯದು ಎಂಬ ನಂಬಿಕೆಯನ್ನು ಬೆಳೆಸಿದುದು ಬಣ್ಣದ ಪೊಟ್ಟಣಗಳ ಜಾಹೀರಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ರೋಗಿಯನ್ನು ನೋಡಲು ಹೋಗುವಾಗ ನಾವು ಒಯ್ಯುವ ಸೇಬಿಗಿಂತ ತಳ್ಳುಗಾಡಿಯ ಸೀಬೆಹಣ್ಣಿನಲ್ಲಿ ಸಿ ಜೀವಸತ್ತ್ವ ಹತ್ತಾರು ಪಾಲು ಹೆಚ್ಚು. ಸಸ್ಯಾಹಾರಿಗೆ ಪ್ರೋಟೀನು ಸಾಲದು, ಡಬ್ಬದ ಪುಡಿಯೇ ಬೇಕು ಎಂಬ ಮಾತನ್ನು ತೂಗಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಇನ್ನೂರು ಗ್ರಾಂ ಅಕ್ಕಿ, ನೂರು ಗ್ರಾಂ ರಾಗಿ, 75 ಗ್ರಾಂ ಬೇಳೆಕಾಳು, 300 ಮಿಲಿಲೀಟರು ಹಾಲುಮೊಸರು ಸೇರಿದರೆ ಲೆಕ್ಕ ಐವತ್ತರ ಸಮೀಪಕ್ಕೆ ಬರುತ್ತದೆ. ಧಾನ್ಯದಲ್ಲಿ ಕೊರತೆಯಾದ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಮೆಯಾದ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಕಾಳಿನ ಸಾರು ಒಪ್ಪುವುದು ನಾಲಗೆಗೊಂದಕ್ಕೇ ಅಲ್ಲ. ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪುಕಾಳುಗಳ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಮಿಕ್ಕಿದ ಅನ್ನದ ವಿಷಯದಲ್ಲಿ ಎರಡು ವಿರುದ್ಧ ತಪ್ಪುಗಳು ಬಳಕೆಯಲ್ಲಿವೆ. ಫ್ರಿಜ್ಜಿನಲ್ಲಿಟ್ಟುದು ಸತ್ತ್ವಹೀನವೆಂಬುದು ಒಂದು. ಕೆಲವು ಜೀವಸತ್ತ್ವಗಳು ಅಷ್ಟಿಷ್ಟು ಕುಗ್ಗಬಹುದೆ ಹೊರತು ಪ್ರೋಟೀನು, ಖನಿಜಾಂಶಗಳು ಎಲ್ಲಿಯೂ ಹೋಗುವುದಿಲ್ಲ. ಎರಡನೆಯ ತಪ್ಪು ಅಪಾಯಕರವಾದುದು: ರಾತ್ರಿಯ ಅನ್ನವನ್ನು ಒಲೆಯ ಪಕ್ಕದಲ್ಲೇ ಬಿಟ್ಟು, ಬೆಳಗ್ಗೆ ಚೆನ್ನಾಗಿ ಹುರಿದು ಚಿತ್ರಾನ್ನ ಮಾಡಿದರೆ ಎಲ್ಲ ಕ್ರಿಮಿಯೂ ಸಾಯುತ್ತದೆಂಬ ಧೈರ್ಯ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಅನ್ನ ಕುದಿಯುವಾಗಲೂ ಸಾಯದೆ ಉಳಿದು, ಬೆಚ್ಚನೆಯ ಅನ್ನದಲ್ಲಿ ಮೊಳೆತು ವೃದ್ಧಿಯಾಗಿ, ವಾಂತಿ ತರುವ ವಿಷವನ್ನು ಉಂಟುಮಾಡಬಲ್ಲವು. ಆ ವಿಷ ಬಾಣಲೆಯ ಬಿಸಿಗೆ ಕೆಡುವುದಿಲ್ಲ. ಆದುದರಿಂದ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸತಕ್ಕದ್ದು. ಫ್ರಿಜ್ಜಿಲ್ಲದವರು ಹೊತ್ತಿಗೆ ಬೇಕಾದಷ್ಟೇ, ಒಂದು ಸಣ್ಣ ಪಾವಿನ ಅಳತೆಯಲ್ಲಿ, ಬೇಯಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ನೋವು ತರುವ ಕಲ್ಪನೆಯೆಂದರೆ, ತನಗೊಬ್ಬಳಿಗಾಗಿ ಅಡಿಗೆ ಮಾಡಿಕೊಳ್ಳುವುದೇ ಒಂದು ಬಗೆಯ ದುಂದು ಎಂದು ನಮ್ಮ ತಾಯಂದಿರು ಎಣಿಸಿರುವುದು. ಜನ್ಮವಿಡೀ ಹತ್ತು ಮಂದಿಗೆ ಬಡಿಸಿದ ಕೈ, ಮಕ್ಕಳು ದೂರ ಸೇರಿ ಮನೆ ಬರಿದಾದ ಮೇಲೆ, ಚಹಾಕ್ಕೆ ಎರಡು ರಸ್ಕು ಅದ್ದಿಕೊಂಡು ರಾತ್ರಿಯ ಊಟವನ್ನು ಮುಗಿಸಿಬಿಡುತ್ತದೆ; ಕೇಳಿದರೆ, ‘ವಯಸ್ಸಾದವರಿಗೆ ಎಷ್ಟು ಬೇಕು ಮಗಾ’ ಎಂಬ ಉತ್ತರ. ಮುಪ್ಪಿನಲ್ಲಿ ದೇಹಕ್ಕೆ ಬೇಕಾದ ಶಕ್ತಿಯ ಪ್ರಮಾಣ ಇಳಿಯುವುದು ನಿಜ, ಆದರೆ ಪ್ರೋಟೀನಿನ ಅವಶ್ಯಕತೆ ಇಳಿಯುವುದಿಲ್ಲ. ಅದು ಸಾಲದೆ ಹೋದರೆ ಸ್ನಾಯುಗಳು ಸೊರಗುತ್ತವೆ, ಮೆಟ್ಟಿಲು ಹತ್ತುವ ಬಲ ಕುಂದುತ್ತದೆ, ಬೀಳುವ ಭಯ ಹೆಚ್ಚುತ್ತದೆ. ದೂರದಲ್ಲಿರುವ ಮಕ್ಕಳಲ್ಲಿ ನನ್ನ ವಿನಂತಿ ಇಷ್ಟೆ: ಅಮ್ಮನಿಗೆ ಫೋನು ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳಿ ಸುಮ್ಮನಾಗದೆ, ಇವತ್ತು ಯಾವ ಕಾಳು ಬೇಯಿಸಿದಿರಿ ಎಂದೂ ಕೇಳಿ.