ಕದಿಯದೇ ಸಿಗೋ ಗುಟ್ಟು: ಓಪನ್ ಸೋರ್ಸ್ ಇಂಟೆಲಿಜೆನ್ಸ್ ಅಂದ್ರೇನು?

ಗೂಢಚಾರಿಕೆ ಅಂದ ಕೂಡಲೇ ಕದ್ದು ಕೇಳೋದು, ಕದ್ದು ನೋಡೋದು ಅಂತ ಅನ್ಸುತ್ತೆ ಅಲ್ವಾ? ಇವತ್ತಿನ ವಿಷಯದಲ್ಲಿ ಕಳ್ಳತನವೇ ಇಲ್ಲ. ಹೆಸರು ಓಪನ್ ಸೋರ್ಸ್ ಇಂಟೆಲಿಜೆನ್ಸ್, ಚಿಕ್ಕದಾಗಿ ಓಸಿಂಟ್. ಯಾರು ಬೇಕಾದರೂ ನೋಡಬಹುದಾದ ಸುದ್ದಿ, ಫೋಟೊ, ಉಪಗ್ರಹ ಚಿತ್ರ, ಸರ್ಕಾರಿ ದಾಖಲೆಗಳನ್ನು ಕೂಡಿಸಿ, ತಾಳೆ ನೋಡಿ, ಒಂದು ಪ್ರಶ್ನೆಗೆ ಉತ್ತರ ಹುಡುಕೋದು. ಅಷ್ಟೇ.

ಇದರಿಂದ ಸರ್ಕಾರಕ್ಕೇನು ಲಾಭ? ಒಂದು ಉದಾಹರಣೆ ನೋಡಿ. 2014ರ ಜುಲೈ 17ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಪೂರ್ವ ಉಕ್ರೇನ್‌ನಲ್ಲಿ ಹೊಡೆದುರುಳಿಸಿದರು. 298 ಜನ ಸತ್ತರು. ನಮಗೂ ಇದಕ್ಕೂ ಸಂಬಂಧವಿಲ್ಲ ಅಂತ ರಷ್ಯಾ ಹೇಳಿತು. ಆಗಷ್ಟೇ ಶುರುವಾಗಿದ್ದ ಬೆಲಿಂಗ್‌ಕ್ಯಾಟ್ ಅನ್ನೋ ಸಣ್ಣ ತಂಡ, ಸ್ಥಳೀಯರು ಆನ್‌ಲೈನ್‌ನಲ್ಲಿ ಹಾಕಿದ್ದ ಫೋಟೊ, ವಿಡಿಯೊಗಳನ್ನು ಒಟ್ಟು ಮಾಡಿತು. ಅವುಗಳಲ್ಲಿ ಒಂದು ಬುಕ್ ಕ್ಷಿಪಣಿ ವಾಹನ ಕಾಣ್ತಿತ್ತು. ಹಿಂದಿರೋ ಕಟ್ಟಡಗಳಿಂದ ಜಾಗ ಗೊತ್ತಾಯ್ತು, ನೆರಳಿಂದ ಹೊತ್ತು ಗೊತ್ತಾಯ್ತು. ಅದೇ ತಗ್ಗು, ಅದೇ ಮಾಸಿದ ನಂಬರ್ ಇರೋ ವಾಹನ ಜೂನ್‌ನಲ್ಲಿ ರಷ್ಯಾದೊಳಗಿನ ಸೇನಾ ಸಾಲಿನಲ್ಲೂ ಸಿಕ್ಕಿತು. ಅದು ಕುರ್ಸ್ಕ್‌ನ 53ನೇ ಕ್ಷಿಪಣಿ ದಳದ್ದು ಅಂತ ತಂಡ ಹೇಳಿತು. 2018ರ ಮೇನಲ್ಲಿ ಐದು ದೇಶಗಳ ಜಂಟಿ ತನಿಖಾ ತಂಡವೂ ಅದನ್ನೇ ಹೇಳಿತು.

ಇಲ್ಲೇ ಇದರ ನಿಜವಾದ ಬೆಲೆ ಇರೋದು. ರಹಸ್ಯ ಮೂಲದ ಸಾಕ್ಷಿಯನ್ನು ಸರ್ಕಾರ ಹೊರಗೆ ತೋರಿಸೋದು ಕಷ್ಟ, ತೋರಿಸಿದರೆ ಆ ಮೂಲವೇ ಬಯಲಾಗುತ್ತೆ. ಬಹಿರಂಗ ಸಾಕ್ಷಿಯನ್ನು ಮಾತ್ರ ಎದುರಾಳಿಯೂ ಸೇರಿದಂತೆ ಯಾರು ಬೇಕಾದರೂ ಮತ್ತೆ ಪರೀಕ್ಷೆ ಮಾಡಬಹುದು.

ಇನ್ನು ವ್ಯಾಪಾರ. ನಾನು ಬಿಕಾಂ ಓದಿದವನು, ಹಾಗಾಗಿ ಇದು ನನಗಿಷ್ಟವಾದ ಭಾಗ. ನಿಮ್ಮಣ್ಣ ತಿರುಪ್ಪೂರಿನ ಹೊಸ ಪಾರ್ಟಿಯೊಬ್ಬರಿಂದ ಬಟ್ಟೆ ತರಿಸ್ತಿದಾನೆ, ಅವರು 2 ಲಕ್ಷ ಅಡ್ವಾನ್ಸ್ ಕೇಳಿದಾರೆ ಅಂದ್ಕೊಳ್ಳಿ. ಅವರ ಬಿಲ್ ಮೇಲಿನ 15 ಅಕ್ಷರಗಳ ಜಿಎಸ್‌ಟಿ ನಂಬರ್ ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು, ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್. ಒಟ್ಟಾರೆ ಆರನೇ ಅಕ್ಷರ 'ಸಿ' ಇದ್ದರೆ ಕಂಪನಿ, 'ಪಿ' ಇದ್ದರೆ ಒಬ್ಬ ವ್ಯಕ್ತಿ. ಬಿಲ್ ಮೇಲೆ ಪ್ರೈವೇಟ್ ಲಿಮಿಟೆಡ್ ಅಂತಿದ್ದು, ಆರನೇದು 'ಪಿ' ಆಗಿದ್ರೆ? ದುಡ್ಡು ಹಾಕೋ ಮುಂಚೆ ನಿಲ್ಲಿ.

ಎಲ್ಲಾ ಸರಿಯಿದ್ದರೂ ಅದು ಬೇರೆ ಯಾರದೋ ನಂಬರ್ ಇರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇ ಹೆಸರು, ವಿಳಾಸ, ನೋಂದಣಿ ದಿನಾಂಕ ಸಿಗುತ್ತೆ. ಅದನ್ನು ಬ್ಯಾಂಕ್ ಖಾತೆಯ ಹೆಸರಿನ ಜೊತೆ ತಾಳೆ ನೋಡಿ. ಬ್ಯಾಂಕು, ದೊಡ್ಡ ಕಂಪನಿಗಳು ಸಾಲ ಕೊಡೋ ಮುಂಚೆ, ಒಪ್ಪಂದ ಮಾಡೋ ಮುಂಚೆ ಇದೇ ಕೆಲಸವನ್ನು ದೊಡ್ಡದಾಗಿ ಮಾಡ್ತಾರೆ.

ತಾಳೆ ನೋಡದಿದ್ದರೆ ಏನಾಗುತ್ತೆ? 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ, ರೆಡಿಟ್‌ನಲ್ಲಿ ಜನ ಫೋಟೊ ಹೋಲಿಸಿ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯತ್ತ ಬೆರಳು ತೋರಿಸಿದರು. ಅವನು ನಿರಪರಾಧಿ. ಆ ಮನೆಯವರು ಅನುಭವಿಸಿದ ಸಂಕಟ ಊಹಿಸಿಕೊಳ್ಳಿ.

ಮಾಹಿತಿ ಪುಕ್ಕಟೆ, ತಾಳ್ಮೆ ಮಾತ್ರ ನಾವೇ ಹಾಕಬೇಕಾದ ಬಂಡವಾಳ. ಒಂದು ಸುಳಿವು ಸಿಕ್ಕಾಗ ಎರಡನೇದನ್ನು ಹುಡುಕಿ. ಎರಡೂ ಹೊಂದದಿದ್ದರೆ ಫಾರ್ವರ್ಡ್ ಮಾಡಬೇಡಿ, ದುಡ್ಡೂ ಹಾಕಬೇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.