ಸಿಪ್ಪೆ, ತರಗು, ಬಂಡವಾಳ: ಕಬಿನಿ ಬಯಲಿನಲ್ಲಿ ಜೈವಿಕ ಇಂಧನದ ಲೆಕ್ಕ

ಜೈವಿಕ ಇಂಧನದಲ್ಲಿ ಹಣ ಹೂಡಲು ವಿಪುಲ ಅವಕಾಶಗಳಿವೆ ಎಂಬ ಮಾತು ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಆಗಾಗ್ಗೆ ಕಂಡುಬರುತ್ತದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು. ಕೇಂದ್ರ ಸರ್ಕಾರ 2022ರಲ್ಲಿ ಅದನ್ನು 2025-26ಕ್ಕೆ ಹಿಂದಕ್ಕೆ ತಂದಿತು. 2025ರಲ್ಲಿ ಆ ಪ್ರಮಾಣವನ್ನು ಮುಟ್ಟಿದ್ದೂ ಆಯಿತು. ಹೀಗಿರುವಾಗ ಹೂಡಿಕೆದಾರರ ಉತ್ಸಾಹ ಸಹಜವೇ. ಆದರೆ ಹಣದ ಲೆಕ್ಕಕ್ಕೆ ಮೊದಲು ಶಕ್ತಿಯ ಲೆಕ್ಕ ಹಾಕಬೇಕು. ಅದಕ್ಕೆ ಪಿಯುಸಿ ಮಟ್ಟದ ಭೌತವಿಜ್ಞಾನ ಸಾಕು. ಕಬಿನಿ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿ ಸಕ್ಕರೆಯ ಜೊತೆಗೆ ವಿದ್ಯುತ್ತೂ ಉತ್ಪಾದನೆಯಾಗುತ್ತದೆ. ಯಾವುದೇ ಕಾರ್ಖಾನೆಯಲ್ಲಿ ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆ.ಜಿ. ಸಕ್ಕರೆ, 40 ಕೆ.ಜಿ.ಯಷ್ಟು ಕಾಕಂಬಿ ಮತ್ತು 290 ಕೆ.ಜಿ.ಯಷ್ಟು ಸಿಪ್ಪೆ ಬರುತ್ತವೆ. ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಒಂದು ಕೆ.ಜಿ. ಉರಿಸಿದಾಗ ನಮಗೆ ದಕ್ಕುವ ಉಷ್ಣ ಸುಮಾರು 7.5 ಮೆಗಾಜೌಲ್ ಮಾತ್ರ. 290ನ್ನು 7.5ರಿಂದ ಗುಣಿಸಿದರೆ 2175 ಮೆಗಾಜೌಲ್, ಅಂದರೆ ಸುಮಾರು 600 ಯೂನಿಟ್‌ಗೆ ಸಮನಾದ ಉಷ್ಣ. ಅದರಲ್ಲಿ ಐದನೆಯ ಒಂದು ಭಾಗ ವಿದ್ಯುತ್ತಾದರೂ 120 ಯೂನಿಟ್ ಸಿಗುತ್ತದೆ. ಕಾರ್ಖಾನೆಯ ಸ್ವಂತ ಬಳಕೆಗೆ 30-35 ಯೂನಿಟ್ ಕಳೆದು ಉಳಿದದ್ದನ್ನು ಮಾರಬಹುದು.

ಹಳೆಯ ಕಾರ್ಖಾನೆಗಳು ಇಷ್ಟನ್ನು ಪಡೆಯುತ್ತಿರಲಿಲ್ಲ. ರಾಶಿ ಬೀಳುವ ಸಿಪ್ಪೆಯನ್ನು ಹೇಗಾದರೂ ಸುಟ್ಟು ಮುಗಿಸುವುದೇ ಅವುಗಳಿಗೆ ಮುಖ್ಯವಾಗಿತ್ತು. ಆ ಕಾಲದ ಬಾಯ್ಲರ್‌ಗಳಲ್ಲಿ ಹಬೆಯ ಒತ್ತಡ ಸುಮಾರು 21 ವಾಯುಭಾರ, ಉಷ್ಣತೆ 340 ಡಿಗ್ರಿ ಸೆಲ್ಸಿಯಸ್. ಈಗಿನವುಗಳಲ್ಲಿ 87 ವಾಯುಭಾರ, 515 ಡಿಗ್ರಿ ಸಾಮಾನ್ಯ. ಹಬೆಯ ಉಷ್ಣತೆ ಹೆಚ್ಚಿದಷ್ಟೂ ಟರ್ಬೈನಿನ ದಕ್ಷತೆ ಹೆಚ್ಚುತ್ತದೆಂಬ ಕಾರ್ನೋ ತತ್ವವೇ ಇಲ್ಲಿ ಹಣವಾಗಿ ಮಾರ್ಪಡುತ್ತದೆ. ಟರ್ಬೈನಿನಿಂದ ಹೊರಬಂದ ಹಬೆಯಿಂದಲೇ ಕಬ್ಬಿನ ಹಾಲನ್ನು ಕಾಯಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸಿಪ್ಪೆಯ ಸಾಗಣೆಗೆ ಬೇರೆ ಖರ್ಚಿಲ್ಲ. ಕಬ್ಬಿನ ಜೊತೆಗೇ ಅದು ಕಾರ್ಖಾನೆಗೆ ಬಂದಿರುತ್ತದೆ.

ಇನ್ನು ಗದ್ದೆಯಲ್ಲೇ ಉಳಿಯುವ ತರಗಿನ ಕಥೆ ಬೇರೆ. ತಿ. ನರಸೀಪುರಕ್ಕೆ ನೆರೆಯ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಬ್ಬಿನ ತರಗು, ತೆಂಗಿನ ಗರಿಯಂತಹ ಹಗುರ ತ್ಯಾಜ್ಯಗಳನ್ನು ಉರಿಸುವ 4.5 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವೊಂದು 2001ರಲ್ಲಿ ಆರಂಭವಾಯಿತು. ಅದೇ ಗಾತ್ರದ, ತರಗನ್ನು ಮಾತ್ರ ಉರಿಸುವ ಒಂದು ಸ್ಥಾವರವನ್ನು ಊಹಿಸಿ ಲೆಕ್ಕ ಹಾಕೋಣ. ದಕ್ಷತೆ ಶೇ. 20 ಎಂದರೆ 4.5 ಮೆಗಾವಾಟ್ ವಿದ್ಯುತ್ತಿಗೆ 22.5 ಮೆಗಾವಾಟ್ ಉಷ್ಣ ಬೇಕು. ಒಣ ತರಗಿನ ಒಂದು ಕೆ.ಜಿ.ಗೆ 13 ಮೆಗಾಜೌಲ್ ಹಿಡಿದರೆ ಸೆಕೆಂಡಿಗೆ 1.7 ಕೆ.ಜಿ., ದಿನಕ್ಕೆ ಸುಮಾರು 150 ಟನ್, 300 ದಿನಕ್ಕೆ 45,000 ಟನ್ ಬೇಕಾಗುತ್ತದೆ. ಎಕರೆಗೆ 3 ಟನ್ ತರಗು ಎಂದಿಟ್ಟುಕೊಂಡರೆ 15,000 ಎಕರೆ ಕಬ್ಬು. ಎಲ್ಲ ರೈತರೂ ಎಲ್ಲ ತರಗನ್ನೂ ಕೊಡುವುದಿಲ್ಲವಷ್ಟೆ. ನಾಲ್ಕರಲ್ಲಿ ಒಂದು ಪಾಲು ಸಿಕ್ಕೀತು ಎಂದರೆ 60,000 ಎಕರೆ! ಸಡಿಲವಾದ ತರಗು ಘನ ಮೀಟರಿಗೆ 60 ಕೆ.ಜಿ. ತೂಗಿದರೆ, 40 ಘನ ಮೀಟರಿನ ಲಾರಿಯಲ್ಲಿ ಹಿಡಿಯುವುದು 2.4 ಟನ್. ಅಂದರೆ ದಿನಕ್ಕೆ 60ಕ್ಕೂ ಹೆಚ್ಚು ಲಾರಿ ಬರಬೇಕು. ಒತ್ತಿ ಪಿಂಡಿ ಕಟ್ಟುವ ಯಂತ್ರವಿದ್ದರೆ ಲಾರಿಗಳು ಕಡಿಮೆಯಾಗುತ್ತವೆ, ಆದರೆ ಯಂತ್ರಕ್ಕೂ ಅದರ ಡೀಸೆಲ್ಲಿಗೂ ಖರ್ಚುಂಟು.

ಯೋಜನಾ ವರದಿಗಳಲ್ಲಿ ತರಗನ್ನು 'ತ್ಯಾಜ್ಯ' ಎಂದು ಬರೆದು ಅದಕ್ಕೆ ಜುಜುಬಿ ಬೆಲೆ ಕಟ್ಟಿರುತ್ತಾರೆ. ಕೊಳ್ಳುವವನೊಬ್ಬ ಬಂದ ಕೂಡಲೇ ಅದು ತ್ಯಾಜ್ಯವಾಗಿ ಉಳಿಯುವುದಿಲ್ಲ. ಇಟ್ಟಿಗೆ ಗೂಡಿನವರೂ ಕಾರ್ಖಾನೆಗಳ ಬಾಯ್ಲರ್‌ನವರೂ ಅಂತಹ ಉರುವಲಿಗೇ ಕೈಚಾಚುತ್ತಾರೆ. ವಿದ್ಯುತ್ತಿನ ಮಾರಾಟ ದರ ಒಪ್ಪಂದದಲ್ಲಿ ಕಟ್ಟಿಹೋಗಿರುತ್ತದೆ, ಉರುವಲಿನ ದರಕ್ಕೆ ಅಂತಹ ಕಟ್ಟಿಲ್ಲ. ದೇಶದ ಹಲವೆಡೆ ಜೀವರಾಶಿ ಸ್ಥಾವರಗಳು ಬಾಗಿಲು ಹಾಕಿದ್ದಕ್ಕೆ ಇದು ದೊಡ್ಡ ಕಾರಣ. ಮೇಲಾಗಿ, ತರಗನ್ನು ಸಾಲುಗಳ ನಡುವೆ ಹರಡಿದರೆ ತೇವ ಉಳಿದು ಮಣ್ಣಿಗೆ ಸಾವಯವ ಇಂಗಾಲ ಸೇರುತ್ತದೆ. ಗದ್ದೆಗೆ ಬೆಂಕಿ ಇಡುವುದಕ್ಕಿಂತ ತರಗನ್ನು ಮಾರುವುದು ಲೇಸು. ಮಾರುವುದಕ್ಕಿಂತ ಹೊದಿಸುವುದು ಲೇಸೇ ಎಂಬುದನ್ನು ರೈತ ತನ್ನ ಮಣ್ಣು ನೋಡಿ ನಿರ್ಧರಿಸಬೇಕು.

ಎಥನಾಲಿಗೆ ಬರೋಣ. ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಹುಳಿಸಿದರೆ ಸುಮಾರು 70 ಲೀಟರ್ ಸಿಗುತ್ತದೆ. ಲೀಟರಿನಲ್ಲಿರುವ ಶಕ್ತಿ 21 ಮೆಗಾಜೌಲ್, ಪೆಟ್ರೋಲಿನಲ್ಲಿ ಸುಮಾರು 32. ನೀತಿ ಆಯೋಗದ 2021ರ ವರದಿಯ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು. ಆದ್ದರಿಂದ ಇಲ್ಲಿನ ಬಂಡವಾಳಕ್ಕೆ ಮುಂಗಾರೂ ಒಬ್ಬ ಪಾಲುದಾರ. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಉತ್ಪಾದನೆ ಕುಸಿಯುವ ಭಯ ಹುಟ್ಟಿದಾಗ, ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ತಯಾರಿಸುವುದಕ್ಕೆ ನಿರ್ಬಂಧ ಹೇರಿತು. ಅದು ತೆರವಾದದ್ದು 2024ರ ಆಗಸ್ಟ್‌ನಲ್ಲಿ. ಸಾಲ ತಂದು ಡಿಸ್ಟಿಲರಿ ವಿಸ್ತರಿಸಿದವರಿಗೆ ಆ ತಿಂಗಳುಗಳ ಬಡ್ಡಿಯೇನೂ ನಿಂತಿರಲಿಲ್ಲ.

ಕಬ್ಬಿನ ಹಾಲನ್ನು ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡಿನಿಂದ ಅನಿಲ ತೆಗೆಯುವುದೂ ಒಂದು ದಾರಿ. ತತ್ವ ಗೋಬರ್ ಗ್ಯಾಸಿನದೇ. ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಮೀಥೇನನ್ನು ಒತ್ತಿ ತುಂಬುತ್ತಾರೆ. ಸುಮಾರು 25 ಟನ್ ಪ್ರೆಸ್‌ಮಡ್ಡಿಗೆ ಒಂದು ಟನ್ ಅನಿಲ. 2018ರ ಅಕ್ಟೋಬರಿನಲ್ಲಿ ಪ್ರಾರಂಭವಾದ 'ಸತತ್' ಯೋಜನೆ 2023ರೊಳಗೆ ದೇಶದಲ್ಲಿ ಇಂತಹ 5,000 ಸ್ಥಾವರಗಳ ಗುರಿ ಇಟ್ಟುಕೊಂಡಿತ್ತು, ಆದರೆ ಆದದ್ದು ಅದರ ಅಲ್ಪಾಂಶ. ಪ್ರೆಸ್‌ಮಡ್ಡು ಸಿಗುವುದು ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ. ಕೂಡಿಟ್ಟರೆ ರಾಶಿಯಲ್ಲೇ ಕೊಳೆತು ಅನಿಲದ ಇಳುವರಿ ಇಳಿಯುತ್ತದೆ.

ಅಕ್ಕಿ ಗಿರಣಿಯ ಲೆಕ್ಕ ಹೆಚ್ಚು ನೇರ. ಭತ್ತದ ತೂಕದಲ್ಲಿ ಐದನೆಯ ಒಂದು ಭಾಗ ಹೊಟ್ಟು. ಅದರ ಉಷ್ಣಮೌಲ್ಯ ಕೆ.ಜಿ.ಗೆ ಸುಮಾರು 13 ಮೆಗಾಜೌಲ್; ತೇವಾಂಶ ಕಡಿಮೆ, ಸಾಗಣೆ ಇಲ್ಲ. ಕುಸುಬಲಕ್ಕಿ ಮಾಡುವ ಗಿರಣಿಗೆ ಭತ್ತ ಬೇಯಿಸಲು ಹಬೆ ಹೇಗೂ ಬೇಕು. ತೊಡಕೆಂದರೆ ಬೂದಿ: ಹೊಟ್ಟಿನ ತೂಕದ ಶೇ. 20ರಷ್ಟು ಬೂದಿಯಾಗುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಬಾಯ್ಲರಿನ ಕೊಳವೆಗಳನ್ನು ಅದು ಉಜ್ಜಿ ಸವೆಸುತ್ತದೆ. ಉರಿಯ ಉಷ್ಣತೆಯನ್ನು 700 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಟ್ಟರೆ ಸಿಲಿಕಾ ಸ್ಫಟಿಕವಾಗದೆ ಉಳಿಯುತ್ತದೆ. ಅಂತಹ ಬೂದಿಯನ್ನು ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸಬಹುದು.