ಥೆರಪಿ ಸೆಂಟರ್‌ಗೆ ಫೀಸು ಕಟ್ಟೋ ಮುಂಚೆ ಈ ಐದು ಪ್ರಶ್ನೆ ಕೇಳಿ

“ಆಟಿಸಂ ಇರೋ ಮಗುಗೆ ಕಲಬುರಗಿಯಲ್ಲಿ ಒಳ್ಳೆ ಸೆಂಟರ್ ಯಾವುದು?” ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರಾದರೂ ಹೀಗೆ ಕೇಳಿದರೆ ತಕ್ಷಣ ನಾಲ್ಕು ಫೋನ್ ನಂಬರ್ ಬರುತ್ತವೆ. ‘ಒಳ್ಳೆ’ ಅಂದರೆ ಏನು ಅಂತ ಮಾತ್ರ ಯಾರೂ ಹೇಳಲ್ಲ.

ನನ್ನ ಅಕ್ಕ ಇರೋದು ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಲ್ಲಿ. ಅವಳ ಏಳು ವರ್ಷದ ಮಗನಿಗೆ ಆಟಿಸಂ ಇದೆ. ವಾರಕ್ಕೆರಡು ದಿನ ಅವನನ್ನು ಬಸ್ಸಿನಲ್ಲಿ ಕಲಬುರಗಿಗೆ ಕರ್ಕೊಂಡು ಬರ್ತಾಳೆ. ಶಕ್ತಿ ಯೋಜನೆಯಿಂದ ಅವಳ ಟಿಕೆಟ್ ಉಚಿತ. ಆದರೂ ಮುಕ್ಕಾಲು ಗಂಟೆಯ ಸೆಷನ್‌ಗೆ ಅರ್ಧ ದಿನ ಹೋಗುತ್ತೆ. ಮೊದಲ ಸೆಂಟರಿನಲ್ಲಿ ವರ್ಷ ಕಳೆದ ಮೇಲೆ ಅಕ್ಕ ಅಂದಳು: “ತಮ್ಮಾ, ರೊಕ್ಕ ಹೋದ್ರ ಹೋಗ್ಲಿ. ವರ್ಷ ಪೂರ್ತಿ ಏನ್ ಕಲಸ್ಯಾರಂತ ಕೇಳಿದ್ರ ಒಂದ್ ಹಾಳಿನೂ ತೋರ್ಸಲಿಲ್ಲ.”

ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ವಿಶೇಷ ಶಿಕ್ಷಕರನ್ನು ನೋಂದಾಯಿಸುತ್ತದೆ. ಆದರೆ ಹೋಟೆಲಿಗೆ ಸ್ಟಾರ್ ಕೊಟ್ಟ ಹಾಗೆ ಥೆರಪಿ ಸೆಂಟರ್‌ಗಳಿಗೆ ದರ್ಜೆ ಕೊಡಲ್ಲ. ಗುಣಮಟ್ಟ ನೋಡಬೇಕಾದವರು ನಾವೇ. ಎರಡನೇ ಸೆಂಟರ್ ಹುಡುಕುವಾಗ ನಾವು ಕೇಳಿದ್ದು ಇವಿಷ್ಟು.

1. ಮಗುವಿನ ಜೊತೆ ಕೂರೋರು ಯಾರು?

1992ರ ಆರ್‌ಸಿಐ ಕಾಯ್ದೆ ಪ್ರಕಾರ ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳು ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಇರಬೇಕು. ಗೋಡೆ ಮೇಲಿನ ಸರ್ಟಿಫಿಕೇಟ್ ಮಾಲೀಕರದ್ದಾಗಿರಬಹುದು. ದಿನಾ ಕಲಿಸುವವರ ಸಿಆರ್‌ಆರ್ ನಂಬರ್ ಕೇಳಿ.

2. ಗುರಿ ಬರೆದಿದ್ದೀರಾ?

ಪ್ರತಿ ಮಗುವಿಗೂ ತನ್ನದೇ ಕಲಿಕಾ ಯೋಜನೆ, ಅಂದರೆ ಐಇಪಿ, ಇರಬೇಕು. ‘ಸಂವಹನ ಸುಧಾರಿಸುವುದು’ ಅಂತ ಬರೆದರೆ ಅದನ್ನು ಅಳೆಯೋದು ಹೇಗೆ? ನಮ್ಮ ಹುಡುಗನಿಗೆ ಹೊಸ ಟೀಚರ್ ಬರೆದ ಗುರಿ ಇದು: “ಶೌಚಕ್ಕೆ ಹೋಗಬೇಕಾದಾಗ ಚಿತ್ರದ ಕಾರ್ಡ್ ತೋರಿಸುವುದು, ಐದರಲ್ಲಿ ನಾಲ್ಕು ಸಲ, ಮೂರು ತಿಂಗಳೊಳಗೆ.” ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಅದು ಬಂದ ಮೇಲೆಯೇ ಅಕ್ಕ ಶಾಲೆಯ ಹೊರಗೆ ಕಾಯೋದು ತಪ್ಪಿತು.

3. ಒಬ್ಬ ಟೀಚರಿಗೆ ಎಷ್ಟು ಮಕ್ಕಳು?

ಸಾಮಾನ್ಯ ಶಾಲೆಗಳಲ್ಲೇ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ 1ರಿಂದ 5ನೇ ತರಗತಿಗೆ ಮಾನದಂಡ ಹಾಕಿದೆ. 6ರಿಂದ 8ನೇ ತರಗತಿಗೆ ಇದು 15 ಮಕ್ಕಳಿಗೆ ಒಬ್ಬರು. ಹಾಗಿರುವಾಗ, ಥೆರಪಿ ಹೆಸರಲ್ಲಿ ಫೀಸು ತಗೊಂಡು ಹನ್ನೆರಡು ಮಕ್ಕಳನ್ನು ಒಬ್ಬ ಸಹಾಯಕಿ ನೋಡ್ಕೊಂಡರೆ ಅದು ಕಲಿಕೆಯಲ್ಲ, ಕಾವಲು.

4. ನಮಗೆ ಏನು ಕಲಿಸ್ತೀರಿ?

ವಾರದಲ್ಲಿ ಎರಡು ದಿನ ಸೆಂಟರ್, ಉಳಿದ ಐದು ದಿನ ಮನೆ. ಸೆಂಟರಿನಲ್ಲಿ ಕಲಿತದ್ದು ಅಡುಗೆಮನೆಯಲ್ಲೂ ಅಂಗಡಿಯಲ್ಲೂ ಬಳಕೆಗೆ ಬರಬೇಕು. ಅದಕ್ಕೆ ತಂದೆ-ತಾಯಿ ಸೆಷನ್ ನೋಡಬೇಕು, ಮನೆಯಲ್ಲಿ ಮಾಡಿಸೋದು ಹೇಗೆ ಅಂತ ಕಲಿಯಬೇಕು. “ಹೊರಗೆ ಕೂತ್ಕೊಳ್ಳಿ” ಅಂತಷ್ಟೇ ಹೇಳೋ ಕಡೆ ಕಾರಣ ಕೇಳಿ.

5. ಮಗು ಕಿರುಚಿದರೆ ಏನು ಮಾಡ್ತೀರಿ?

ಸದ್ದಾ, ಸುಸ್ತಾ, ಹೇಳೋಕಾಗದ ಹೊಟ್ಟೆನೋವಾ ಅಂತ ಮೊದಲು ಕಾರಣ ಹುಡುಕುವವರು ಬೇಕು. ಹೊಡೆಯೋದು, ಕಟ್ಟಿ ಕೂರಿಸೋದು ಶಿಸ್ತಲ್ಲ. “ಆರು ತಿಂಗಳಲ್ಲಿ ನಾರ್ಮಲ್ ಮಾಡ್ತೀವಿ” ಅನ್ನುವವರಿಂದ ದೂರ ಇರಿ. ಆಟಿಸಂ ಔಷಧಿಯಿಂದ ವಾಸಿಯಾಗೋ ಕಾಯಿಲೆಯಲ್ಲ.

ಶಾಲೆ ಬಿಡಿಸಬೇಡಿ

ಸೆಂಟರ್ ಸಿಕ್ಕಿತು ಅಂತ ಶಾಲೆ ಬಿಡಿಸೋದು ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಇಲ್ಲವೇ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಯುಡಿಐಡಿ ಕಾರ್ಡ್ ಮಾಡಿಸಿ. ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು ಭೇಟಿ ಮಾಡಿ.

ಈ ಪ್ರಶ್ನೆ ಕೇಳಿದಾಗ ಕೆಲವರು ಮುಖ ಗಂಟು ಹಾಕ್ತಾರೆ. ಚೆನ್ನಾಗಿ ಕೆಲಸ ಮಾಡುವವರು ಕುರ್ಚಿ ಹಾಕಿ, ಫೈಲ್ ತೆಗೆದು ತೋರಿಸ್ತಾರೆ. ಫೀಸು ಕಟ್ಟೋದು ಆ ಫೈಲ್ ನೋಡಿದ ಮೇಲೆ ಆಗಲಿ.